ಕಾಠ್ಮಂಡು ಎಂದರೆ ಏನು ಸಾರ್?

ಎಂಟನೆಯ ತರಗತಿಗೆ ಭೂಕಂಪದ ಪಾಠ ಮಾಡುತ್ತಿದ್ದೆ. ಉದಾಹರಣೆಗೆಂದು 2015ರ ನೇಪಾಳದ ಭೂಕಂಪವನ್ನು ತೆಗೆದುಕೊಂಡು, ಕಪ್ಪುಹಲಗೆಯ ಮೇಲೆ ‘ಕಾಟ್ಮಂಡು’ ಎಂದು ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಭೂಪಟದಲ್ಲಿ ಮಹಾಪ್ರಾಣ ಇದೆ” ಎಂದಳು. ಹಿಂದಿನಿಂದ ಇನ್ನೊಬ್ಬ, “ಇಂಗ್ಲಿಷಿನಲ್ಲಿ ಟಿ, ಎಚ್ ಇದೆ ಸಾರ್. ಹಾಗಾದರೆ ಕಥ್ಮಂಡು ಅಲ್ಲವಾ?” ಎಂದ.

ಹೆಸರಿನ ಅರ್ಥ ತಿಳಿದರೆ ಕಾಗುಣಿತ ತಾನಾಗಿ ಬರುತ್ತದೆ ಎಂದು ಹೇಳಿ ವಿವರಿಸಿದೆ. ಕಾಷ್ಠ ಎಂದರೆ ಮರ. ಒಂದೇ ಮರದಿಂದ ಕಟ್ಟಿದ ಮಂಟಪವೊಂದು ಆ ಊರಿನಲ್ಲಿದೆ, ಅದರಿಂದಲೇ ಆ ಹೆಸರು ಎಂದೆ. ಹುಡುಗಿ ಕೂರಲಿಲ್ಲ. “ಭೂಕಂಪದಲ್ಲಿ ಅದು ಬೀಳಲಿಲ್ಲವಾ ಸಾರ್?”

ನನಗೆ ಉತ್ತರ ಗೊತ್ತಿರಲಿಲ್ಲ. “ನಾಳೆ ಹೇಳುತ್ತೇನಮ್ಮ” ಎಂದೆ. ಆ ‘ನಾಳೆ’ಗಾಗಿ ಓದಿದ್ದನ್ನೇ ಈ ವಾರ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕಾಗುಣಿತ. ಸಂಸ್ಕೃತದ ‘ಕಾಷ್ಠ’ ಉತ್ತರದ ಭಾಷೆಗಳಲ್ಲಿ ‘ಕಾಠ’ ಆಗಿದೆ. ಉತ್ತರಾಖಂಡದ ಕಾಠಗೋದಾಮ್ ರೈಲು ನಿಲ್ದಾಣದ ಹೆಸರಿನಲ್ಲಿರುವುದೂ ಇದೇ ಕಾಠ; ಮರದ ಉಗ್ರಾಣ ಎಂದು ಅದರ ಅರ್ಥ. ನಮ್ಮಲ್ಲಿಯೂ ಶ್ರೇಷ್ಠಿ ಸೆಟ್ಟಿಯಾಗಿ, ಗೋಷ್ಠಿ ಗೊಟ್ಟಿಯಾಗಿ ಸವೆದಿಲ್ಲವೇ? ‘ಮಂಡಪ’ ಕನ್ನಡದಲ್ಲಿ ಮಂಟಪವಾಯಿತು. ನೇಪಾಳಿಯಲ್ಲಿ ಪಕಾರ ಕರಗಿ ‘ಮಾಡೌಂ’ ಆಯಿತು. ನಮ್ಮಲ್ಲಿ ದೀಪಿಕೆ ದೀವಿಗೆಯಾದಾಗ ಪಕಾರ ಮೆತ್ತಗಾದಂತೆಯೇ ಇದು. ನೇಪಾಳಿಗಳು ತಮ್ಮ ರಾಜಧಾನಿಯನ್ನು ‘ಕಾಠ್‌ಮಾಡೌಂ’ ಎಂದೇ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಠ, ಥ ಎರಡಕ್ಕೂ ಬೇರೆ ಬೇರೆ ಅಕ್ಷರಗಳಿಲ್ಲ. ಎರಡನ್ನೂ ಟಿ, ಎಚ್ ಎಂದೇ ಬರೆಯಬೇಕು. ಆದ್ದರಿಂದ ಕಥ್ಮಂಡು ಎಂದ ಹುಡುಗನದು ತರ್ಕದ ತಪ್ಪಲ್ಲ, ಲಿಪಿಯ ತೊಡಕು. ಅಲ್ಪಪ್ರಾಣ ಬರೆದ ನನ್ನದು ಮಾತ್ರ ಅಜಾಗರೂಕತೆ!

ಆ ಊರಿಗೆ ಇದೊಂದೇ ಹೆಸರಲ್ಲ. ಹಳೆಯ ಹೆಸರು ಕಾಂತಿಪುರ. 1993ರಲ್ಲಿ ಆರಂಭವಾದ ಅಲ್ಲಿಯ ದಿನಪತ್ರಿಕೆಯೊಂದು ಇದೇ ಹೆಸರನ್ನು ಇಟ್ಟುಕೊಂಡಿದೆ. ಕಣಿವೆಯ ಮೂಲನಿವಾಸಿಗಳಾದ ನೇವಾರರು ತಮ್ಮ ಭಾಷೆಯಲ್ಲಿ ಊರನ್ನು ‘ಯೆಂ’ ಎನ್ನುತ್ತಾರೆ. ಅಲ್ಲಿಯ ಪಶುಪತಿನಾಥ ದೇವಾಲಯದ ಪೂಜೆಗೆ ದಕ್ಷಿಣ ಭಾರತದ ಭಟ್ಟರೇ ಬೇಕು. ಕರ್ನಾಟಕದವರೂ ಆ ಸೇವೆ ಮಾಡುತ್ತ ಬಂದಿದ್ದಾರೆ.

ಇನ್ನು ಮಂಟಪ. ಹಳೆಯ ಅರಮನೆಯ ಚೌಕದ ಬಳಿ, ವ್ಯಾಪಾರದ ದಾರಿಗಳು ಕೂಡುವಲ್ಲಿ ದಾರಿಹೋಕರು ತಂಗುವುದಕ್ಕಾಗಿ ಕಟ್ಟಿದ ಛತ್ರವದು. ಜಾತ್ರೆ ನೋಡಲು ಮನುಷ್ಯರೂಪದಲ್ಲಿ ಬಂದ ಕಲ್ಪವೃಕ್ಷವನ್ನು ಒಬ್ಬ ತಾಂತ್ರಿಕ ಗುರುತಿಸಿ ಹಿಡಿದಿಟ್ಟನಂತೆ. ಬಿಡುಗಡೆಗಾಗಿ ಅದು ಕೊಟ್ಟ ಒಂದೇ ಮರದಿಂದ ಇಡೀ ಮಂಟಪ ಎದ್ದಿತಂತೆ. ಇದು ಕಥೆ. ಚೆನ್ನಾಗಿದೆ, ಮಕ್ಕಳಿಗೆ ಹೇಳೋಣ. ಆದರೆ ಕಥೆ ಎಂದೇ ಹೇಳೋಣ. ನಾನು ಅದನ್ನು ಚರಿತ್ರೆಯೆಂಬಂತೆ ಹೇಳಿದ್ದೆ.

2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಕೆಲವೇ ನಿಮಿಷಗಳಿರುವಾಗ 7.8 ಪ್ರಮಾಣದ ಭೂಕಂಪ. ನೇಪಾಳದಲ್ಲಿ ಸುಮಾರು 9,000 ಜನ ಸತ್ತರು. ಊರಿಗೆ ಹೆಸರು ಕೊಟ್ಟ ಮಂಟಪವೂ ನೆಲಕ್ಕೆ ಬಿತ್ತು. ಆ ಹೊತ್ತಿಗೆ ಅಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು. ಇನ್ನೊಬ್ಬರ ಜೀವ ಉಳಿಸಲು ಬಂದವರಲ್ಲಿ ಹಲವರು ಮತ್ತೆ ಮನೆಗೆ ಹೋಗಲಿಲ್ಲ.

ಹಳೆಯ ಕಟ್ಟಡ, ಅದಕ್ಕೇ ಬಿತ್ತು ಎಂದು ಎಲ್ಲರೂ ಅಂದುಕೊಂಡರು. ನಂತರ ನೇಪಾಳದ ಪುರಾತತ್ತ್ವ ಇಲಾಖೆಯವರೂ ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ತಜ್ಞರೂ ಸೇರಿ ಅಗೆದು ನೋಡಿದರು. 12ನೆಯ ಶತಮಾನದ್ದೆಂದು ತಿಳಿದಿದ್ದ ಮಂಟಪದ ಅಡಿಪಾಯ ಏಳನೆಯ ಶತಮಾನದಷ್ಟು ಹಿಂದಿನದೆಂದು ತಿಳಿಯಿತು. ಒಂಬತ್ತು ಮನೆಗಳ ಮಂಡಲದಂತೆ ಹಾಕಿದ ಇಟ್ಟಿಗೆಯ ಆ ಅಡಿಪಾಯ ಭೂಕಂಪಕ್ಕೂ ಜಗ್ಗದೆ ಗಟ್ಟಿಯಾಗಿತ್ತು! ಹಾಗಾದರೆ ದೋಷ ಎಲ್ಲಿತ್ತು? ಇಡೀ ಭಾರ ಹೊತ್ತಿದ್ದ ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು ತನ್ನ ಪೀಠದ ಕಲ್ಲಿನಲ್ಲಿ ಕೂತೇ ಇರಲಿಲ್ಲ. 1960ರ ದಶಕದ ದುರಸ್ತಿಯಲ್ಲಿ ಅದನ್ನು ಸರಿಪಡಿಸದೆ ಮೇಲೆ ಹೊಸ ನೆಲ ಹಾಸಿದ್ದರು.

ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ನೆಲಕ್ಕೆ ತಾಗದಿದ್ದರೂ ಮೇಜು ನಿಂತಿರುತ್ತದೆ, ಯಾರಾದರೂ ಅಲುಗಿಸುವವರೆಗೆ. ಹಿಂದಿನವರು ಕಟ್ಟಿದ್ದು ಸಾವಿರ ವರ್ಷ ಬಾಳಿತು. ನಮ್ಮ ಕಾಲದ ದುರಸ್ತಿ ಮೇಲಿನ ಅಂದ ನೋಡಿತು, ಬುಡ ನೋಡಲಿಲ್ಲ.

ಊರಿನವರು ಸುಮ್ಮನೆ ಕೂರಲಿಲ್ಲ. ಸ್ಥಳೀಯರೇ ಮುಂದೆ ನಿಂತು 2018ರಲ್ಲಿ ಕೆಲಸ ಆರಂಭಿಸಿ, ಅದೇ ಜಾಗದಲ್ಲಿ, ಹಳೆಯ ರೀತಿಯಲ್ಲೇ ಮರದ ಮಂಟಪವನ್ನು ಮತ್ತೆ ಎಬ್ಬಿಸಿದ್ದಾರೆ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. “ನಿನ್ನೆ ನಾನು ಹೇಳಿದ್ದು ಅರ್ಧ ಮಾತ್ರ ಸರಿ” ಎಂದು ಮೊದಲೇ ಒಪ್ಪಿಕೊಂಡೆ. ಮೂವತ್ತು ವರ್ಷಗಳ ಹಿಂದಾಗಿದ್ದರೆ ಬಹುಶಃ ಆ ಹುಡುಗಿಗೆ “ಪಾಠಕ್ಕೆ ಸಂಬಂಧವಿಲ್ಲದ್ದು ಕೇಳಬೇಡ, ಕೂತ್ಕೋ” ಎನ್ನುತ್ತಿದ್ದೆ. ಪಾಲಕರೇ, ಮನೆಯಲ್ಲಿ ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. “ನಾಳೆ ಹೇಳುತ್ತೇನೆ” ಎನ್ನಿ, ಆದರೆ ನಾಳೆ ತಪ್ಪದೆ ಹೇಳಿ.

ವಿದ್ಯಾರ್ಥಿಗಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಊರಿನ ಹೆಸರಿನಲ್ಲಿ ಕೆರೆ ಇದೆಯೇ, ಬಾವಿ ಇದೆಯೇ, ಹಳ್ಳ ಇದೆಯೇ? ಅದರ ಅರ್ಥವನ್ನು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಹೋಗಿ ನೋಡಿ ಬನ್ನಿ, ಅದು ಈಗಲೂ ಅಲ್ಲಿದೆಯೇ ಎಂದು.