ಕೈಗೆ ಹಾಕುವ ಬೂಟು, ನೆಲದೊಳಗಿನ ಸೇಬು

ಮೊದಲು ನಾಲ್ಕು ಒಗಟುಗಳು. ಕೈಗೆ ಹಾಕಿಕೊಳ್ಳುವ ಬೂಟು ಯಾವುದು? ಬೆರಳಿಗೆ ತೊಡಿಸುವ ಟೋಪಿ ಯಾವುದು? ಗುರಾಣಿ ಹೊತ್ತು ತಿರುಗುವ ಕಪ್ಪೆ ಯಾವುದು? ನೆಲದೊಳಗೆ ಬೆಳೆಯುವ ಸೇಬು ಯಾವುದು?

ಹೆಚ್ಚು ತಲೆ ಕೆರೆದುಕೊಳ್ಳಬೇಡಿ, ಮಕ್ಕಳೇ. ಇವು ಯುರೋಪಿನ ಮನೆಗಳಲ್ಲಿ ದಿನವೂ ಆಡುವ ಮಾತುಗಳು. ಜರ್ಮನಿಯ ಮಗು ಚಳಿಗಾಲದಲ್ಲಿ ಕೈಗವಸು ಕೇಳುವಾಗ 'ಹಾಂಟ್‌ಶೂ' ಎನ್ನುತ್ತದೆ, ಅಂದರೆ ಕೈ-ಬೂಟು. ಸೂಜಿ ಚುಚ್ಚದಿರಲೆಂದು ದರ್ಜಿ ಬೆರಳಿಗೆ ಹಾಕಿಕೊಳ್ಳುವ ಲೋಹದ ಕುಪ್ಪಿಗೆ ಅಲ್ಲಿ 'ಫಿಂಗರ್‌ಹೂಟ್', ಬೆರಳ ಟೋಪಿ. ಆಮೆಗೆ 'ಷಿಲ್ಟ್‌ಕ್ರೋಟೆ', ಗುರಾಣಿಗಪ್ಪೆ. ಇನ್ನು ಫ್ರೆಂಚರು ಆಲೂಗಡ್ಡೆಯನ್ನು 'ಪೊಮ್ ದ ತೇರ್', ನೆಲದ ಸೇಬು, ಎಂದು ಕರೆದು ನಿಶ್ಚಿಂತೆಯಿಂದ ಬೇಯಿಸಿ ತಿನ್ನುತ್ತಾರೆ. ಚೀನಾಕ್ಕೆ ಹೋದರೆ ಕಂಪ್ಯೂಟರ್ ಎಂಬುದು 'ವಿದ್ಯುತ್ ಮಿದುಳು', ರೈಲು 'ಬೆಂಕಿಗಾಡಿ'. ನಮ್ಮ ಹಿರಿಯರು ಅದೇ ರೈಲನ್ನು 'ಹೊಗೆಬಂಡಿ' ಎಂದರು. ಚೀನೀಯರ ಕಣ್ಣಿಗೆ ಬಿದ್ದದ್ದು ಇಂಜಿನ್ನಿನ ಒಲೆ, ನಮ್ಮವರ ಕಣ್ಣಿಗೆ ಬಿದ್ದದ್ದು ಅದರ ಚಿಮಣಿ!

ನಗು ಬಂದಿರಬೇಕು. ನಗಬಾರದೆಂದೇನೂ ಇಲ್ಲ. ಆದರೆ ಕನ್ನಡ ಕಲಿಯುತ್ತಿರುವ ಜರ್ಮನ್ ಹುಡುಗನೊಬ್ಬ 'ಬೆಂಕಿಪೊಟ್ಟಣ' ಎಂಬ ಮಾತನ್ನು ಮೊದಲ ಬಾರಿ ಕೇಳಿದನೆನ್ನಿ. ಬೆಂಕಿಯನ್ನು ಕಡಲೆಕಾಯಿಯಂತೆ ಪೊಟ್ಟಣ ಕಟ್ಟಿಕೊಡುವ ಅಂಗಡಿಯವನನ್ನು ನೆನೆದು ಅವನೂ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅವರವರ ಮಾತು ಅವರವರಿಗೆ ಹಾಸ್ಯವಲ್ಲ. ಬಳಸಿ ಬಳಸಿ ನುಣುಪಾದ ನಾಣ್ಯದ ಮೇಲಿನ ಚಿತ್ರ ಯಾರಿಗೂ ಕಾಣದಂತೆ, ದಿನವೂ ಆಡುವ ಮಾತಿನ ಒಳಗಿನ ಚಿತ್ರವೂ ನಮಗೆ ಕಾಣುವುದಿಲ್ಲ. ಹೊರಗಿನವನು ಬಂದು ಒಡೆದು ತೋರಿಸಬೇಕು.

ಹೀಗೆ ಒಡೆದು ನೋಡಿದಾಗ ತಮಾಷೆಯ ಜೊತೆಗೆ ಇನ್ನೊಂದು ಸಂಗತಿಯೂ ಸಿಗುತ್ತದೆ. ಆ ವಸ್ತುವಿಗೆ ಮೊದಲು ಹೆಸರಿಟ್ಟವನ ಕಣ್ಣಿಗೆ ಏನು ಕಂಡಿತ್ತು ಎಂಬುದು ಹೆಸರಿನಲ್ಲಿ ಉಳಿದಿರುತ್ತದೆ. ಅವನು ಎಡವಿದ್ದರೆ ಆ ಎಡವಟ್ಟೂ ಉಳಿದಿರುತ್ತದೆ.

ಬಾವಲಿಯನ್ನೇ ತೆಗೆದುಕೊಳ್ಳಿ. ಜರ್ಮನರಿಗೆ ಅದು 'ಪಟಪಟಿಸುವ ಇಲಿ', ಫ್ರೆಂಚರಿಗೆ 'ಬೋಳು ಇಲಿ', ಸ್ಪೇನಿನವರಿಗೆ ಮೂಲಾರ್ಥದಲ್ಲಿ 'ಕುರುಡು ಇಲಿ'. ಪಾಪದ ಪ್ರಾಣಿ! ಅದು ಇಲಿಯ ಜಾತಿಗೆ ಸೇರಿದ್ದಲ್ಲ, ಬೋಳೂ ಅಲ್ಲ, ಕುರುಡಂತೂ ಅಲ್ಲವೇ ಅಲ್ಲ. ಸಣ್ಣ ಬಾವಲಿಗಳು ಶಬ್ದದ ಪ್ರತಿಧ್ವನಿ ಕೇಳಿ ದಾರಿ ಹಿಡಿಯುತ್ತವೆ, ನಿಜ. ಆದರೆ ಅವಕ್ಕೂ ಕಣ್ಣು ಕಾಣುತ್ತದೆ. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಬಹುಮಟ್ಟಿಗೆ ಕಣ್ಣನ್ನೇ ನಂಬಿಕೊಂಡಿವೆ. ಪ್ರಾಣಿಶಾಸ್ತ್ರಜ್ಞರು ಈ ಗುಂಪಿಗಿಟ್ಟ ಹೆಸರು 'ಕೈರಾಪ್ಟೆರ'. ಗ್ರೀಕ್ ಭಾಷೆಯಲ್ಲಿ ಅದರರ್ಥ 'ಕೈ-ರೆಕ್ಕೆ'. ಬಾವಲಿಯ ರೆಕ್ಕೆ ಎಂದರೆ ನೀಳವಾಗಿ ಬೆಳೆದ ಬೆರಳುಗಳ ನಡುವೆ ಕಟ್ಟಿದ ತೊಗಲು. ಈ ಹೆಸರನ್ನು ಒಡೆದರೆ ತಪ್ಪು ಸಿಗುವುದಿಲ್ಲ, ಪಾಠವೇ ಸಿಗುತ್ತದೆ.

ವಸ್ತು ಎಲ್ಲಿಂದ ಬಂತು ಎಂಬುದರಲ್ಲೂ ಎಡವಿದವರಿದ್ದಾರೆ. ಅಮೆರಿಕದ ಮೂಲದ ದೊಡ್ಡ ಕೋಳಿಯೊಂದಿದೆ. ಇಂಗ್ಲಿಷರು ಅದನ್ನು 'ಟರ್ಕಿ' ಎಂದರು. ಟರ್ಕಿಯವರು ಅದನ್ನು 'ಹಿಂದಿ' ಎನ್ನುತ್ತಾರೆ, ಅಂದರೆ ಭಾರತದ್ದು! ಡಚ್ಚರ 'ಕಾಲ್ಕೂನ್' ಎಂಬ ಹೆಸರು ಹುಟ್ಟಿದ್ದು ನಮ್ಮ ನೆರೆಯ ಕಲ್ಲಿಕೋಟೆಯಿಂದ. ಪೋರ್ಚುಗೀಸರು 'ಪೆರು' ಎಂದರು. ಹಡಗಿನಲ್ಲಿ ಬಂದಿಳಿದ ಹಕ್ಕಿಯ ಊರು ಯಾವುದೆಂದು ಸರಿಯಾಗಿ ವಿಚಾರಿಸಿದವರೇ ಇಲ್ಲ. ನಾವೇನೂ ಹಿಂದೆ ಬಿದ್ದಿಲ್ಲ. ಯುರೋಪಿನವರಿಗೆ 'ಪರಂಗಿ' ಎಂದು ಹೆಸರಿಟ್ಟ ನಾವು, ಅವರು ಅಮೆರಿಕದಿಂದ ತಂದ ಪಪ್ಪಾಯಿಯನ್ನು 'ಪರಂಗಿ ಹಣ್ಣು' ಮಾಡಿದೆವು. ತಮಿಳಿನಲ್ಲಿ 'ಪರಂಗಿಕ್ಕಾಯ್' ಕೇಳಿದರೆ ಕುಂಬಳ ಕೊಡುತ್ತಾರೆ. ಮಲಯಾಳಂನಲ್ಲಿ 'ಪರಂಗಿಯಂಡಿ' ಎಂದರೆ ಗೋಡಂಬಿ. ಮೂರು ನೆರೆಮನೆಗಳು, ಒಂದೇ ಹೆಸರು, ಮೂರು ಬೇರೆ ಬೇರೆ ತಟ್ಟೆಗಳು.

ಇಷ್ಟೆಲ್ಲ ಅಡುಗೆಮನೆಯ ಮಾತಾಯಿತು. ಪ್ರಯೋಗಶಾಲೆಯ ಮಾತುಗಳಾದರೂ ಲೋಪವಿಲ್ಲದವುಗಳೇ? ಅದೂ ಇಲ್ಲ. 'ಮಲೇರಿಯ' ಎಂದರೆ ಇಟಾಲಿಯನ್ ಭಾಷೆಯಲ್ಲಿ 'ಕೆಟ್ಟ ಗಾಳಿ'. ಜೌಗು ನೆಲದ ಗಾಳಿಯಿಂದ ಜ್ವರ ಬರುತ್ತದೆಂದು ಜನ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಪರೋಪಜೀವಿಯನ್ನು ಕಂಡುಹಿಡಿದರು. ಗಾಳಿ ನಿರ್ದೋಷಿಯಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಅದೇ 1897ರಲ್ಲಿ ಇಂಗ್ಲೆಂಡಿನಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆಹಚ್ಚಿದರು. 'ಆಟಮ್' ಎಂದರೆ ಗ್ರೀಕಿನಲ್ಲಿ 'ಒಡೆಯಲಾಗದ್ದು'. ಒಡೆಯಲಾಗದ್ದರ ಒಳಗೇ ಇನ್ನೊಂದು ಕಣ ಸಿಕ್ಕಿತು!

ಎಲ್ಲಕ್ಕಿಂತ ಸೊಗಸಾದ ಉದಾಹರಣೆ ನಾವು ಈ ಕ್ಷಣ ಉಸಿರಾಡುತ್ತಿರುವ ಅನಿಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಲವಾಸಿಯೇ ಅದಕ್ಕೆ 'ಆಕ್ಸಿಜನ್' ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದಕ್ಕೆ 'ಹುಳಿಯನ್ನು ಹುಟ್ಟಿಸುವುದು' ಎಂದರ್ಥ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ಜರ್ಮನರು ಅದನ್ನು ತಮ್ಮ ಮಾತಿಗೆ ತಿರುಗಿಸಿ 'ಜೌವರ್‌ಷ್ಟೋಫ್', ಹುಳಿವಸ್ತು, ಎಂದರು. ಡಚ್ಚರೂ ಅದನ್ನೇ ಮಾಡಿದರು. ಡಚ್ ಪುಸ್ತಕಗಳನ್ನು ಓದಿ ಜಪಾನಿಗೆ ರಸಾಯನಶಾಸ್ತ್ರವನ್ನು ತಂದ ಉದಗಾವ ಯೋಆನ್ 'ಸಾನ್ಸೊ' ಎಂದರು, ಅದೂ ಹುಳಿಯ ಮೂಲವೇ. ನಮ್ಮವರು 'ಆಮ್ಲಜನಕ' ಎಂದರು. ಇತ್ತ 1810ರಲ್ಲಿಯೇ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತುವೆಂದು ತೋರಿಸಿದ್ದರು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಇರುವುದು ಜಲಜನಕ ಮತ್ತು ಕ್ಲೋರಿನ್ ಎರಡೇ. ಆಮ್ಲಜನಕದ ಸುಳಿವೇ ಇಲ್ಲ. ಒಬ್ಬ ಮಹಾವಿಜ್ಞಾನಿಯ ತಪ್ಪು ಊಹೆಯನ್ನು ಜಗತ್ತಿನ ಎಷ್ಟೋ ಶಾಲೆಗಳ ಮಕ್ಕಳು ಇಂದಿಗೂ ಉರುಹೊಡೆಯುತ್ತಿದ್ದಾರೆ.

ಈ ಗುಂಪಿನಿಂದ ತಪ್ಪಿಸಿಕೊಂಡವರೂ ಉಂಟು. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1820ರಲ್ಲಿ ಕಂಡ ಅರ್ಸ್ಟೆಡ್ ನಿಮ್ಮ ಪಾಠದಲ್ಲಿದ್ದಾರಲ್ಲವೇ? ಅವರು ತಮ್ಮ ಡೇನಿಷ್ ಭಾಷೆಗೆ 'ಇಲ್ಟ್' ಎಂಬ ಪದ ಕೊಟ್ಟರು. ಅದು ಬೆಂಕಿ ಎಂಬ ಪದದಿಂದ ಕಡೆದದ್ದು, ಏಕೆಂದರೆ ಉರಿಯಲು ಈ ಅನಿಲ ಬೇಕು. ಚೀನೀಯರು 'ಪೋಷಿಸುವ ಅನಿಲ' ಎಂದರು. ನಮ್ಮಲ್ಲೂ 'ಪ್ರಾಣವಾಯು' ಎಂಬ ಹೆಸರು ಇದ್ದೇ ಇದೆ. ಹುಳಿ, ಬೆಂಕಿ, ಪೋಷಣೆ, ಪ್ರಾಣ: ಅನಿಲ ಒಂದೇ, ನೋಡಿದ ಕಿಟಕಿಗಳು ನಾಲ್ಕು.

ಈಗ ಪೋಷಕರಿಗೆ ಒಂದು ಮಾತು. 'ಕನ್ನಡದಲ್ಲಿ ವಿಜ್ಞಾನ ಓದಿದರೆ ಜಲಜನಕ, ಆಮ್ಲಜನಕ ಅಂತ ನಗೆಪಾಟಲಾಗುತ್ತದೆ ಸಾರ್' ಎಂದು ಹೇಳುವ ತಂದೆತಾಯಂದಿರನ್ನು ನಾನು ವರ್ಷವೂ ಕಾಣುತ್ತೇನೆ. ಕನ್ನಡ ಮಾಧ್ಯಮದಿಂದ ಪಿ.ಯು.ಸಿ. ವಿಜ್ಞಾನಕ್ಕೆ ಸೇರುವ ಮಗು ಮೊದಲ ವಾರದಲ್ಲೇ ಬಾಯಿ ಕಟ್ಟಿಕೊಂಡು ಕೂರುವುದೂ ನಿಜ. ತಾನು ಹತ್ತು ವರ್ಷ ಕಲಿತದ್ದೆಲ್ಲ ಯಾರೋ ಒಪ್ಪದ ಹರಕು ನಾಣ್ಯ ಎಂದು ಅದಕ್ಕೆ ಅನ್ನಿಸಿಬಿಡುತ್ತದೆ. ಆ ಮಗುವನ್ನು ಕೂರಿಸಿಕೊಂಡು ಎರಡು ಪದಗಳನ್ನು ಅಕ್ಕಪಕ್ಕ ಬರೆದು ತೋರಿಸಿ. ಹೈಡ್ರೊ ಎಂದರೆ ಜಲ, ಜನ್ ಎಂದರೆ ಜನಕ. ಕ್ಲೋರೊ ಎಂದರೆ ಹರಿತ, ಅಂದರೆ ಹಸಿರು. ಫಿಲ್ ಎಂದರೆ ಪತ್ರ, ಅಂದರೆ ಎಲೆ. ಕ್ಲೋರೊಫಿಲ್ ಎಂಬುದು ತಿರುಗಿಸಿ ಹೇಳಿದ ಪತ್ರಹರಿತ. ಆರ್ತ್ರೊ ಎಂದರೆ ಸಂಧಿ, ಪೋಡ ಎಂದರೆ ಪಾದವುಳ್ಳದ್ದು, ಅದೇ ಸಂಧಿಪದಿ. ಮಗು ಹೊಸದಾಗಿ ಕಲಿಯಬೇಕಾದದ್ದು ಉಚ್ಚಾರಣೆಯನ್ನು ಮಾತ್ರ. ಅರ್ಥ ಅದರ ಚೀಲದಲ್ಲಿ ಆಗಲೇ ಇದೆ. ಜರ್ಮನಿಯ ವಿದ್ಯಾರ್ಥಿ 'ಹುಳಿವಸ್ತು', 'ನೀರುವಸ್ತು' ಎನ್ನುತ್ತಲೇ ರಸಾಯನಶಾಸ್ತ್ರದ ದೊಡ್ಡ ಪದವಿಗಳನ್ನು ಪಡೆಯುತ್ತಾನೆ. ಅವನನ್ನು ಯಾರೂ ನಗೆಪಾಟಲು ಮಾಡುವುದಿಲ್ಲ.

ಹಾಗೆಂದು ನಮ್ಮ ಪಾರಿಭಾಷಿಕ ಪದಗಳೆಲ್ಲ ಸುಲಭವೆಂದು ನಾನು ವಕಾಲತ್ತು ವಹಿಸುವುದಿಲ್ಲ. 'ಅಪಧಮನಿ', 'ಅಭಿಧಮನಿ' ಎಂಬ ಜೋಡಿ ಎಷ್ಟು ಮಕ್ಕಳ ಅಂಕ ನುಂಗಿದೆಯೋ ಲೆಕ್ಕವಿಲ್ಲ. ಮಕ್ಕಳು ಸಾಮಾನ್ಯವಾಗಿ 'ಅಪಧಮನಿ ಎಂದರೆ ಶುದ್ಧರಕ್ತ, ಅಭಿಧಮನಿ ಎಂದರೆ ಅಶುದ್ಧರಕ್ತ' ಎಂದು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಶ್ವಾಸಕೋಶದ ಅಪಧಮನಿ ಬಂದಾಗ ಸಿಕ್ಕಿಬೀಳುತ್ತಾರೆ, ಏಕೆಂದರೆ ಅದು ಒಯ್ಯುವುದು ಆಮ್ಲಜನಕ ಕಡಿಮೆಯಾದ ರಕ್ತವನ್ನು. ಪದವನ್ನು ಒಡೆದಿದ್ದರೆ ಈ ಪೇಚು ಇರುತ್ತಿರಲಿಲ್ಲ. 'ಅಪ' ಎಂದರೆ ದೂರಕ್ಕೆ, 'ಅಪಹರಣ'ದಲ್ಲಿರುವ ಅಪ. 'ಅಭಿ' ಎಂದರೆ ಕಡೆಗೆ, 'ಅಭಿಮುಖ'ದಲ್ಲಿರುವ ಅಭಿ. ಹೃದಯದಿಂದ ದೂರಕ್ಕೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ರಕ್ತ ಯಾವ ಬಗೆಯದಾದರೂ ಈ ನಿಯಮ ತಪ್ಪುವುದಿಲ್ಲ. ಇಂಗ್ಲಿಷಿನ 'ಆರ್ಟರಿ'ಗೆ ಈ ಅನುಕೂಲವಿಲ್ಲ. ಸತ್ತವರ ದೇಹದಲ್ಲಿ ಆ ನಾಳಗಳು ಬರಿದಾಗಿ ಕಂಡದ್ದರಿಂದ ಅವು ಗಾಳಿಯನ್ನು ಒಯ್ಯುತ್ತವೆಂದು ಹಿಂದಿನ ಗ್ರೀಕರು ತಿಳಿದಿದ್ದರು. ಶ್ವಾಸನಾಳಕ್ಕಿದ್ದ ಹೆಸರನ್ನೇ ಅವಕ್ಕೂ ಕೊಟ್ಟರು. ನಮ್ಮ 'ಧಮನಿ' ಕೂಡ 'ಊದು' ಎಂಬರ್ಥದ ಸಂಸ್ಕೃತ ಮೂಲದಿಂದಲೇ ಬಂದದ್ದೆಂದರೆ ಸೋಜಿಗವಲ್ಲವೇ?

ಆದ್ದರಿಂದ ಮಕ್ಕಳೇ, ಹೊಸ ಪದವೊಂದು ಎದುರಾದಾಗ ಉರುಹೊಡೆಯುವ ಮೊದಲು ಅದನ್ನು ಕಡಲೆಕಾಯಿಯಂತೆ ಒಡೆಯಿರಿ. ಒಳಗೆ ಮೂರರಲ್ಲಿ ಒಂದು ಸಿಗುತ್ತದೆ: ಪಾಠದ ಸಾರ, ಹಳಬರ ತಪ್ಪು, ಇಲ್ಲವೇ ಒಳ್ಳೆಯ ನಗು. ಸಾರ ಸಿಕ್ಕರೆ ಬಾಯಿಪಾಠದ ಶ್ರಮ ಉಳಿಯಿತು. ತಪ್ಪು ಸಿಕ್ಕರೆ ಅದು ಯಾವಾಗ, ಯಾರಿಂದ ಬಯಲಾಯಿತು ಎಂದು ಹುಡುಕಿ. ನಗು ಸಿಕ್ಕರೆ ಮನೆಯವರೊಂದಿಗೆ ಹಂಚಿಕೊಳ್ಳಿ.

ಈ ವಾರದ ಮನೆಗೆಲಸ ಇಷ್ಟೇ. ನಿಮ್ಮ ವಿಜ್ಞಾನ ಪುಸ್ತಕದಿಂದ ಹತ್ತು ಪದಗಳನ್ನು ಆರಿಸಿ, ಕನ್ನಡದ್ದನ್ನೂ ಇಂಗ್ಲಿಷಿನದನ್ನೂ ಒಡೆದು ಅಕ್ಕಪಕ್ಕ ಬರೆಯಿರಿ. ಮನೆಯಲ್ಲಿ ತೆಲುಗು, ತುಳು, ಉರ್ದು, ಕೊಂಕಣಿ, ಮರಾಠಿ ಮಾತಾಡುವವರು ಮೂರನೆಯ ಸಾಲೊಂದನ್ನು ಸೇರಿಸಬಹುದು. ಆರಂಭಕ್ಕೆ ಸುಲಭವಾದದ್ದೊಂದು ಬೇಕೆಂದರೆ ಕಾಮನಬಿಲ್ಲನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಬಿಲ್ಲು ಕಾಮನದು, ಹಿಂದಿಯಲ್ಲಿ ಇಂದ್ರನದು, ತಮಿಳಿನಲ್ಲಿ ಆಕಾಶದ್ದು, ಮಲಯಾಳಂನಲ್ಲಿ ಮಳೆಯದು. ಇವುಗಳಲ್ಲಿ ಬಿಲ್ಲು ಮೂಡಲು ನಿಜವಾದ ಕಾರಣಕ್ಕೆ ಹತ್ತಿರವಾದ ಹೆಸರು ಯಾವುದು, ಏಕೆ? ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಚರ್ಚಿಸಿ.