ನಕಾಶೆಯ ಮೇಲೊಂದು ಗೆರೆ

ದೆಹಲಿಯ ಬೀದಿಗಳಲ್ಲಿ ಹಿಮ ಸುರಿಯುವುದನ್ನು ನಾವು ಕಂಡದ್ದು ಬೆಳ್ಳಿತೆರೆಯ ಮೇಲೆ ಮಾತ್ರ. ರೋಲಂಡ್ ಎಮ್ಮೆರಿಕ್ ನಿರ್ದೇಶನದ ‘ದಿ ಡೇ ಆಫ್ಟರ್ ಟುಮಾರೋ’ (2004) ಚಿತ್ರದ ಆರಂಭದಲ್ಲಿ, ಈ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ವಿಜ್ಞಾನಿ ಜಾಕ್ ಹಾಲ್ ಎಚ್ಚರಿಕೆ ನೀಡುತ್ತಾನೆ. ಧ್ರುವದ ಹಿಮ ಕರಗಿ ಸಿಹಿನೀರು ಕಡಲಿಗೆ ಸೇರಿದರೆ, ಉತ್ತರದ ನಾಡುಗಳಿಗೆ ಉಷ್ಣವನ್ನು ಹೊತ್ತೊಯ್ಯುವ ಅಟ್ಲಾಂಟಿಕ್ ಪ್ರವಾಹವೇ ನಿಂತುಹೋದೀತು ಎಂಬುದು ಅವನ ವಾದ. ಅಮೆರಿಕದ ಉಪಾಧ್ಯಕ್ಷ ಆರ್ಥಿಕ ಹೊರೆಯ ಮಾತನ್ನೆತ್ತಿ ಅದನ್ನು ತಳ್ಳಿಹಾಕುತ್ತಾನೆ. ಕಡತಗಳ ನಡುವೆಯೇ ವಯಸ್ಸು ಸವೆಸಿದ ನನಗೆ ಆ ಉತ್ತರ ಅಪರಿಚಿತವೇನಲ್ಲ. ‘ಸದ್ಯಕ್ಕೆ ತಡೆಹಿಡಿಯಬಹುದು’ ಎಂಬ ಒಂದು ಸಾಲಿನ ಟಿಪ್ಪಣಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥ.

ಚಿತ್ರದಲ್ಲಿ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಹೆಪ್ಪುಗಟ್ಟುತ್ತದೆ. ಈ ವೇಗ ಅಸಂಭವವೆಂದು ವಿಜ್ಞಾನಿಗಳು ಆಕ್ಷೇಪಿಸಿದ್ದು ಸರಿಯೇ. ಆದರೆ ಆ ಪ್ರವಾಹ ಈ ಶತಮಾನದಲ್ಲಿ ದುರ್ಬಲಗೊಳ್ಳುವ ಸಂಭವ ಬಹಳ ಹೆಚ್ಚೆಂದು ವಿಶ್ವಸಂಸ್ಥೆಯ ಹವಾಗುಣ ಸಮಿತಿಯ 2021ರ ವರದಿ ಹೇಳುತ್ತದೆ. 2100ರೊಳಗೆ ಅದು ಹಠಾತ್ತನೆ ಕುಸಿಯಲಾರದೆಂಬ ಮಾತಿಗೆ ಅದೇ ವರದಿ ಕೊಡುವುದು ‘ಮಧ್ಯಮ’ ಪ್ರಮಾಣದ ಭರವಸೆಯನ್ನಷ್ಟೇ.

ನನ್ನನ್ನು ಕಾಡಿದ್ದು ಹಿಮವಲ್ಲ, ಗೆರೆ. ಜಾಕ್ ಹಾಲ್ ಅಮೆರಿಕದ ನಕಾಶೆಯ ನಡುವೆ ಒಂದು ಗೆರೆ ಎಳೆಯುತ್ತಾನೆ: ದಕ್ಷಿಣದವರನ್ನು ಸಾಗಿಸಿ, ಉತ್ತರದವರಿಗೆ ಕಾಲ ಮೀರಿದೆ. ಜನ ಗಡಿನದಿಯನ್ನು ದಾಟಿ ಮೆಕ್ಸಿಕೋದತ್ತ ಓಡುತ್ತಾರೆ. ಮುಚ್ಚಿದ್ದ ಗಡಿ ತೆರೆಯುವುದು, ಲ್ಯಾಟಿನ್ ಅಮೆರಿಕದ ಸಾಲವನ್ನೆಲ್ಲ ಅಮೆರಿಕ ಮನ್ನಾ ಮಾಡಿದ ಬಳಿಕ. ಬೇಡುವವನೂ ಬಾಗಿಲು ತೆರೆಯುವವನೂ ಸ್ಥಾನ ಬದಲಿಸಿಕೊಂಡ ಈ ಸನ್ನಿವೇಶದಲ್ಲಿ ಚಿತ್ರದ ನಿಜವಾದ ಧೈರ್ಯವಿದೆ.

ಆದರೆ ಮನ್ನಾ ಮಾಡಲು ಯಾರ ಸಾಲವನ್ನೂ ಕೈಯಲ್ಲಿಟ್ಟುಕೊಂಡಿರದ ಬಡವ ಯಾವ ಬಾಗಿಲನ್ನು ತಟ್ಟಬೇಕು? 1951ರ ನಿರಾಶ್ರಿತರ ಒಡಂಬಡಿಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಂದ ಪೀಡನೆಗೆ ಅಂಜಿ ಓಡಿದವರನ್ನು ಗುರುತಿಸುತ್ತದೆ. ಉಕ್ಕಿದ ಕಡಲಿಗೂ ಬತ್ತಿದ ಬಾವಿಗೂ ಅಂಜಿ ಹೊರಟವನಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಸಿನಿಮಾದ ದೆಹಲಿಯಲ್ಲಿ ಹಿಮ ಬಿತ್ತು. 2024ರ ಬೇಸಿಗೆಯಲ್ಲಿ ನಿಜವಾದ ದೆಹಲಿಯ ಉಷ್ಣತೆ ದಿನಗಟ್ಟಲೆ 45 ಡಿಗ್ರಿ ದಾಟಿತ್ತು. ಆ ಬಿಸಿಲಿನಲ್ಲಿ ಇಟ್ಟಿಗೆ ಹೊತ್ತವರಲ್ಲಿ ಎಷ್ಟೋ ಮಂದಿ ಪರಸ್ಥಳದವರು.

ನಾವೂ ಪರಸ್ಥಳದವರೇ. ವರ್ಗಾವಣೆಯ ಆದೇಶವನ್ನೋ ವ್ಯಾಪಾರದ ಬಂಡವಾಳವನ್ನೋ ಕೈಯಲ್ಲಿ ಹಿಡಿದು ಬಂದೆವು. ನಮಗೆ ಬಾಡಿಗೆಯ ಮನೆ ಸಿಕ್ಕಿತು, ಸಂಘ ಸಿಕ್ಕಿತು, ನೆರೆಯವರ ಪ್ರೀತಿಯೂ ಸಿಕ್ಕಿತು. ನಾಳೆ ಏನನ್ನೂ ಹಿಡಿಯದೆ ಬರುವವನನ್ನು ಕಂಡಾಗ ‘ಊರು ತುಂಬಿತು’ ಎನ್ನುವ ಮುನ್ನ ನಮ್ಮ ಮೊದಲ ದಿನವನ್ನು ನೆನೆಯೋಣ. ಹವಾಗುಣವನ್ನು ಕುರಿತ ಒಪ್ಪಂದಗಳನ್ನು ಸರ್ಕಾರಗಳು ಬರೆಯಲಿ. ಗೆರೆಯ ಆಚೆಗುಳಿದವನನ್ನು ಮನುಷ್ಯನೆಂದು ಎಣಿಸುವ ಕೆಲಸಕ್ಕೆ ಯಾವ ಆದೇಶವೂ ಬೇಕಿಲ್ಲ.