ಕೆಜಿಎಫ್‌ನವರಿಗೆ ಯಾವ ಕಡಲು?

ರಮಳಾನ್ ಈಗ ಫೆಬ್ರವರಿ-ಮಾರ್ಚ್‌ಗೆ ಸರಿದಿದೆ. ಕೆಲವು ವರ್ಷಗಳ ಹಿಂದೆ ಉಪವಾಸವೂ ಮಕ್ಕಳ ಬೇಸಿಗೆ ರಜೆಯೂ ಒಟ್ಟಿಗೇ ಬರ್ತಿದ್ದವು, ಪ್ರವಾಸದ ಮಾತೇ ಇರ್ತಿರಲಿಲ್ಲ. ಈಗ ಎಪ್ರಿಲ್, ಮೇ ಕೈಗೆ ಸಿಕ್ಕಿದೆ. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಮಕ್ಕಳ ಹಟ ಒಂದೇ, ಸಮುದ್ರ ನೋಡ್ಬೇಕು. ಹಿರಿಯರು ನನ್ನನ್ನು ಹಿಡಿದು ಕೇಳ್ತಾರೆ: "ಉಸ್ತಾದ್, ನೀವು ಕಡಲ ತಡಿಯವರಲ್ವಾ, ಎಲ್ಲಿಗೆ ಹೋಗೋದು ಒಳ್ಳೇದು?"

ಘಟ್ಟದ ಕೆಳಗಿನ ನಮಗೆ ಈ ಹಟ ಅರ್ಥವಾಗೋದು ಕಷ್ಟ. ಹಿತ್ತಿಲ ಬಾಗಿಲು ತೆಗೆದರೆ ಕಡಲ ಸದ್ದು ಕೇಳುವ ನಾವು ಅದನ್ನು ನೋಡಲು ಹೋಗುವುದು ನೆಂಟರು ಬಂದಾಗ ಮಾತ್ರ. ಕೆಜಿಎಫ್‌ನ ಕಥೆ ಬೇರೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಊರು ಅದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಅದರ ಧೂಳು ಬಟ್ಟೆ, ಪಾತ್ರೆ, ಎದೆ ಎಲ್ಲಕ್ಕೂ ಇಳಿಯುತ್ತದೆ. ಗಣಿ ಹೋದ ಮೇಲೆ ಜನರಿಗೆ ದಾರಿ ತೋರಿಸಿದ್ದು ಬೆಂಗಳೂರಿನ ರೈಲು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ದಾಟಿ ಹೋಗುವ ಬೆಳಗಿನ ರೈಲಿಗೆ ಓಡುವವರ ಪೈಕಿ ಎಷ್ಟೋ ಮಂದಿ ರಾತ್ರಿ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಇಂಥವರಿಗೆ ವರ್ಷಕ್ಕೆ ಸಿಗುವುದು ಮೂರೋ ನಾಲ್ಕೋ ದಿನ. ಅದನ್ನು ಎಲ್ಲಿ ಕಳೆಯಬೇಕು ಎಂಬುದು ಶೋಕಿಯ ಪ್ರಶ್ನೆ ಅಲ್ಲ.

ಹೆಚ್ಚಿನವರು ಹೋಗುವುದು ಚೆನ್ನೈಗೆ. ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 290 ಕಿಲೋಮೀಟರ್, ನೇರ ದಾರಿ. ಆದರೆ ಮರೀನಾದಲ್ಲಿ ಕಾಣುವುದು ಅಲೆಗಿಂತ ಮೊದಲು ತಲೆಗಳು! ಪುದುಚೇರಿಯ ಪಟ್ಟಣದ ಕಡಲ ರಸ್ತೆಯಲ್ಲಿ ಬಂಡೆಗಳು. ಗೋವಾದ ವಿಷಯ ಬಿಡಿ, ಎರಡು ದಿನದ ಖರ್ಚಿಗೆ ಎರಡು ತಿಂಗಳ ಸಂಬಳ ಬೇಕು. ಹೋಗಿ ಬಂದವರಲ್ಲಿ ಕೇಳಿ ನೋಡಿ. ಗಂಡಸರು "ಚೆನ್ನಾಗಿತ್ತು" ಅಂತಾರೆ. ಹೆಂಗಸರು ಏನೂ ಹೇಳುವುದಿಲ್ಲ. ಯಾಕೆಂದರೆ ಅವರು ಕಡಲನ್ನು ನೋಡಿದ್ದು ಚಪ್ಪಲಿ, ಚೀಲ, ಚಿಕ್ಕ ಮಗು ಕಾಯುತ್ತಾ ಕೂತು. ನಮಾಝಿಗೆ ಜಾಗ ಇಲ್ಲ, ಶೌಚಾಲಯ ಇಲ್ಲ, ನಾಲ್ಕು ಕಡೆಯಿಂದ ಮೊಬೈಲ್ ಹಿಡಿದವರ ಕಣ್ಣು. ಬುರ್ಖಾ ಹಾಕಿಕೊಂಡು ಮೊಣಕಾಲವರೆಗೆ ನೀರಿಗಿಳಿಯಲು ಆ ತಾಯಿಗೂ ಆಸೆ ಇರುವುದಿಲ್ಲವೇ? ಊರು ಆರಿಸುವಾಗ ಮೊದಲು ಕೇಳಬೇಕಾದದ್ದು ಈ ಪ್ರಶ್ನೆ. ಹೆಸರಾದ ಬೀಚ್ ಯಾವುದು ಎಂಬುದು ಆಮೇಲೆ.

ಪೂರ್ವದಲ್ಲೇ ಹೋಗುವುದಾದರೆ ಸಣ್ಣ ಊರುಗಳಿವೆ. ಕೆಜಿಎಫ್‌ನ ಕ್ರೈಸ್ತ ನೆರೆಯವರು ವೇಳಾಂಕಣ್ಣಿಗೆ ಹೋಗುವ ಹಾಗೆ ನಮ್ಮವರು ನಾಗೂರಿಗೆ ಝಿಯಾರತ್‌ಗೆ ಹೋಗುತ್ತಾರೆ. ನಾಗೂರಿನಿಂದ ಉತ್ತರಕ್ಕೆ ಕಾರೈಕಾಲ್ ದಾಟಿದರೆ ತರಂಗಂಬಾಡಿ ಸಿಗುತ್ತದೆ. 1620ರಲ್ಲಿ ಡೇನಿಶರು ಕಟ್ಟಿದ ಕೋಟೆ, ಅದರ ಮುಂದೆ ಕಡಲು, ಅಷ್ಟೇ. ಸುಬ್‌ಹಿ ಮುಗಿಸಿ ಹೋಗಿ ಕೂತರೆ ಸೂರ್ಯ ನೀರಿನಿಂದಲೇ ಏಳುತ್ತಾನೆ. ಆದರೆ ವರ್ಷವಿಡೀ ರೈಲಿಗಾಗಿ ಕತ್ತಲಲ್ಲೇ ಎದ್ದವರಿಗೆ ರಜೆಯಲ್ಲೂ ಸೂರ್ಯೋದಯ ತೋರಿಸುವುದು ಶಿಕ್ಷೆ ಅನ್ನಿಸೀತು. ನಮ್ಮ ಪಶ್ಚಿಮದ ಕಡಲು ಸಂಜೆಯದ್ದು. ಅಸರ್ ನಂತರ ಹೋಗಿ, ಮಗ್ರಿಬ್ ಬಾಂಗ್ ಕೇಳುವವರೆಗೆ ಸುಮ್ಮನೆ ಕೂರಬಹುದು.

ನನ್ನನ್ನು ಕೇಳಿದರೆ ನಾನು ಮುಲ್ಕಿ ಅಂತೇನೆ. ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್. ಬೆಂಗಳೂರಿನಿಂದ ಕಾರವಾರದ ಕಡೆ ಹೋಗುವ ರಾತ್ರಿ ರೈಲಿನಲ್ಲಿ ಬಂದು ಸುರತ್ಕಲ್‌ನಲ್ಲಿ ಇಳಿದರೆ ಮುಂದೆ ಬಸ್ಸಿಗೆ ಕೊರತೆ ಇಲ್ಲ. ಬಪ್ಪನಾಡು ಇರುವ ಊರು. ಅಲ್ಲಿನ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಅಂತ ಕಥೆ ಇದೆ. ಬ್ಯಾರಿಗಳಿಗೆ ಪರಕೀಯ ಅನ್ನಿಸುವ ಊರಂತೂ ಅಲ್ಲ. ಪಕ್ಕದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುತ್ತವೆ. ವಾರದ ನಡುವಿನ ದಿನ ಹೋದರೆ ಮೀನುಗಾರರು, ತೆಂಗಿನ ಮರ, ಗಾಳಿ ಬಿಟ್ಟು ಬೇರೇನೂ ಇರುವುದಿಲ್ಲ.

ಇನ್ನು ಘಟ್ಟದ ಕೆಳಗಿನವರಿಗೆ ನನ್ನದೊಂದು ಮಾತಿದೆ. ಮೇಲಿನವರು ಬಂದರೆ ನಾವು ನೆಂಟರ ಮನೆಯಲ್ಲೇ ಉಳಿಸಿಕೊಳ್ಳುತ್ತೇವೆ. ಸಂತೋಷ. ಆದರೆ ಹತ್ತು ಜನರಿಗೆ ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮೀನು ಸಾರು, ರಾತ್ರಿ ಬಿರಿಯಾನಿ ಮಾಡುವವರು ಯಾರು? ಒಬ್ಬ ಹೆಂಗಸಿಗೆ ವಿಶ್ರಾಂತಿ ಕೊಡಲು ಇನ್ನೊಬ್ಬಳನ್ನು ಒಲೆಯ ಮುಂದೆ ನಿಲ್ಲಿಸಿದ ಹಾಗಾಗುತ್ತದೆ. ಅದಕ್ಕೆ ಬೇರೆ ದಾರಿ ಇದೆ. ಗಲ್ಫ್‌ನಲ್ಲಿರುವ ನಮ್ಮವರು ಕಟ್ಟಿಸಿದ ಮನೆಗಳು ಕಡಲ ತಡಿಯುದ್ದಕ್ಕೂ ಬೀಗ ಹಾಕಿಕೊಂಡಿವೆ. ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ-ಆಗಸ್ಟ್‌ನಲ್ಲಿ, ಎಪ್ರಿಲ್-ಮೇಯಲ್ಲಿ ಅವರು ಬರುವುದು ಕಡಿಮೆ. ಗುರುತಿನ ಕುಟುಂಬಕ್ಕೆ ಮೂರು ದಿನ ನ್ಯಾಯವಾದ ಬಾಡಿಗೆಗೆ ಕೊಟ್ಟರೆ ಮನೆಗೂ ಗಾಳಿ ಬೆಳಕು ಕಾಣುತ್ತದೆ. "ಬೆಂಗಳೂರು ಕಡೆಯವರು" ಅಂತ ಗೊತ್ತಾದ ಕೂಡಲೇ ದುಪ್ಪಟ್ಟು ಹೇಳುವ ಚಾಳಿ ಮಾತ್ರ ಬೇಡ ಮಾರಾಯ್ರೇ, ಕೆಜಿಎಫ್‌ನಲ್ಲಿ ಈಗ ಚಿನ್ನ ಅಗೆಯುವುದಿಲ್ಲ. ಕಡಲ ಹತ್ತಿರದ ಮಸೀದಿಗಳ ಜಮಾಅತಿನವರು ಹೆಂಗಸರಿಗೆ ವುಝೂ ಮಾಡಿ ನಮಾಝ್ ಮಾಡಲು ಒಂದು ಪ್ರತ್ಯೇಕ ಕೋಣೆ ತೆರೆದುಕೊಟ್ಟರೆ ಅದಕ್ಕೇನು ಲಕ್ಷಗಟ್ಟಲೆ ಬೇಕಾಗುವುದಿಲ್ಲ.

ಬರುವವರಿಗೆ ನೀರಿನ ವಿಷಯ ಗಟ್ಟಿಯಾಗಿ ಹೇಳಬೇಕು. ಕೋಲಾರದ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ಕೆರೆಯಲ್ಲಿ ಈಜಿದವನೇ ಧೈರ್ಯದಿಂದ ಮುಂದೆ ಹೋಗುವುದು. ಅಳಿವೆ ಬಾಗಿಲು, ಅಂದರೆ ನದಿ ಕಡಲು ಸೇರುವ ಜಾಗ, ನೋಡಲು ಚಂದ, ಇಳಿಯಲು ಅಲ್ಲ. ಅಲ್ಲಿ ಇಳಿತದ ಹೊತ್ತಿಗೆ ನೀರು ಮನುಷ್ಯನನ್ನು ಎಳೆದುಕೊಂಡೇ ಹೋಗುತ್ತದೆ. ಅದಕ್ಕೇ ಊರಿನ ಮೀನುಗಾರರು ಬೇಡ ಅಂದ ಕಡೆ ಕಾಲಿಡಬೇಡಿ, ಅವರೊಡನೆ ವಾದಕ್ಕೂ ನಿಲ್ಲಬೇಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ. ಮೇ ಕೊನೆಗೇ ಕಡಲಿನ ಬಣ್ಣ ಬದಲಾಗಿರುತ್ತದೆ. ಮೇ ಎರಡನೇ ವಾರದೊಳಗೆ ಬಂದು ಹೋಗಿ. ಅದಾದ ಮೇಲೆ ರಜೆ ಸಿಕ್ಕರೆ ಈ ವರ್ಷಕ್ಕೆ ಬಂಗಾರಪೇಟೆಯಲ್ಲೇ ಇದ್ದು ಪಾನಿಪೂರಿ ತಿನ್ನಿ, ಮುಂದಿನ ಎಪ್ರಿಲ್‌ಗೆ ಟಿಕೆಟ್ ಮೊದಲೇ ಮಾಡಿಸಿ.